ಪಿಪಿಎಂ ಕಾಕಾ

ಕಲಬುರಗಿಯಲ್ಲಿ ಮನೆಗೆ ಬಂದವರಿಗೆ ಮೊದಲು ನೀರು, ಆಮೇಲೆ ಮಾತು. ಏಪ್ರಿಲ್ ಬಿಸಿಲಲ್ಲಿ ಬಂದವರಂತೂ ತಂಬಿಗೆ ಎತ್ತಿ ಗಟಗಟನೆ ಕುಡಿದು, ಟವೆಲಿನಿಂದ ಮೀಸೆ ಒರೆಸಿಕೊಂಡ ಮೇಲೆಯೇ "ಆರಾಮ ಇದ್ದೀರೇನ್ರಿ" ಅನ್ನುವುದು. ಬ್ರಹ್ಮಪುರದ ನಮ್ಮ ಓಣಿಯ ಪಿಪಿಎಂ ಕಾಕಾ ಮಾತ್ರ ತಂಬಿಗೆ ಕೈಗೆ ಬಂದರೂ ಕುಡಿಯುವುದಿಲ್ಲ. ಅಂಗಿಯ ಎದೆಕಿಸೆಯಿಂದ ಜ್ವರ ನೋಡುವ ಥರ್ಮಾಮೀಟರಿನಂಥ ಹಳದಿ ಕಡ್ಡಿಯೊಂದನ್ನು ತೆಗೆದು, ಅದರ ಟೊಪ್ಪಿಗೆ ಕಳಚಿ, ನೀರಿಗೆ ಅದ್ದುತ್ತಾರೆ. ಮನೆಯವರೆಲ್ಲ ಡಾಕ್ಟರ ಮುಂದೆ ನಿಂತವರಂತೆ ಸುಮ್ಮನೆ ನಿಲ್ಲುತ್ತಾರೆ. ಕಾಕಾ ಕನ್ನಡಕ ಹಣೆಗೇರಿಸಿ ಅಂಕಿ ಓದುತ್ತಾರೆ: "ಎಂಟುನೂರಾ ನಲವತ್ತು." ತಲೆ ಅಲ್ಲಾಡಿಸುತ್ತಾರೆ. ಆಮೇಲೆ ಅದೇ ನೀರನ್ನು ಒಂದು ಹನಿಯೂ ಬಿಡದೆ ಕುಡಿದುಬಿಡುತ್ತಾರೆ.

ಪಿಪಿಎಂ ಅನ್ನುವುದು ಓಣಿಯ ಹುಡುಗರು ಇಟ್ಟ ಹೆಸರು. ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲು ಎಂದು ಅದರ ಅರ್ಥ. ಕಾಕಾ ಆಡುವ ಮಾತಿನಲ್ಲಿ ನಮಗೆ ಉಪಯೋಗಕ್ಕೆ ಬರುವುದು ಎಷ್ಟು ಎಂಬುದನ್ನೇ ಹುಡುಗರು ಸರಿಯಾಗಿ ಲೆಕ್ಕ ಹಾಕಿದ್ದಾರೆ ಎಂದು ನನ್ನ ಹೆಂಡತಿಯ ವ್ಯಾಖ್ಯಾನ.

ಈ ಜಾತಿಯವರು ಎಲ್ಲ ಊರಲ್ಲೂ ಇದ್ದಾರೆ. ಗ್ಯಾಸ್ ಸಿಲಿಂಡರ್ ಬಂದ ಕೂಡಲೇ ಕೊಕ್ಕೆಯ ತಕ್ಕಡಿಗೆ ನೇತುಹಾಕುವವರು, ಮದುವೆ ಊಟಕ್ಕೆ ಹೋಗುವಾಗಲೂ ಬಿಪಿ ಮಶೀನು ಒಯ್ಯುವವರು, ಸ್ಕೂಟರಿಗೆ ಪೆಟ್ರೋಲು ಹಾಕಿಸಿದ್ದನ್ನು ಇಪ್ಪತ್ತು ವರ್ಷದಿಂದ ಡೈರಿಯಲ್ಲಿ ಬರೆದಿಟ್ಟವರು. ಅಳೆಯದೆ ಇದ್ದರೆ ಅವರಿಗೆ ಲೋಕ ಇದೆಯೋ ಇಲ್ಲವೋ ಎಂಬ ಅನುಮಾನ. ನಮ್ಮ ಕಾಕಾ ಸಿಮೆಂಟ್ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಮೂವತ್ತು ವರ್ಷ ಸುಣ್ಣಕಲ್ಲು ಅಳೆದವರು. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಸೀಮೆಯ ಸುಣ್ಣಕಲ್ಲು ಅಂದರೆ ಸಾಮಾನ್ಯವೇ? ಅರ್ಧ ದೇಶದ ನೆಲಕ್ಕೆ ಫರಸಿ, ಗೋಡೆಗೆ ಸಿಮೆಂಟು. ನಿವೃತ್ತಿಯಾದ ಮೇಲೆ ಅಳೆಯಲು ಕಲ್ಲು ಉಳಿಯಲಿಲ್ಲ. ಆದರೆ ಕಲ್ಲು ಕರಗಿದ ನೀರು ಓಣಿಯ ಪ್ರತಿ ಬೋರಿನಲ್ಲೂ ಇತ್ತು. ಅದಕ್ಕೊಂದು ನೆಪ ಬೇಕಿತ್ತು, ಮೀನು ಸಾಕಿದರು. ಪಡಸಾಲೆಯಲ್ಲಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಐದು ಗಾಜಿನ ತೊಟ್ಟಿ. ಕಾಕು ಅವನ್ನು "ನನ್ನ ಐದು ಸವತ್ಯಾರು" ಅನ್ನುತ್ತಿದ್ದರು.

ನನ್ನ ಕಥೆ ಶುರುವಾದದ್ದು ಮಗಳಿಂದ. ಶರಣಬಸವೇಶ್ವರ ಜಾತ್ರೆಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ತೂಗಾಡುವ ಮೀನು ನೋಡಿ ಹಟ ಹಿಡಿದಳು. ನಾನು ಜಾತ್ರೆಯ ಮೀನು ಬೇಡ, ಒಳ್ಳೆಯದನ್ನೇ ತರೋಣ ಅಂತ ದೊಡ್ಡಸ್ತಿಕೆ ಮಾಡಿ, ಪೇಟೆಯ ಅಂಗಡಿಯೊಂದಕ್ಕೆ ಕರೆದೊಯ್ದೆ. ಅಲ್ಲಿ ನಿಯಾನ್ ಟೆಟ್ರಾ ಇದ್ದವು. ಹೆಬ್ಬೆರಳ ಉಗುರಿಗಿಂತ ತುಸು ಉದ್ದ, ಮೈಮೇಲೆ ನೀಲಿ ಗೆರೆ, ಬಾಲದ ಕಡೆಗೆ ಕೆಂಪು. ಹತ್ತು ಮೀನು ಕೂಡಿ ತಿರುಗಿದರೆ ಇಳಕಲ್ ಸೀರೆಯ ಅಂಚು ತಿರುಗಿದ ಹಾಗೆ. ತಂದೆ. ಮನೆಯ ಬೋರ್ ನೀರು ತುಂಬಿದೆ. ಮೀನು ಬಿಟ್ಟೆ. ಕಾಕಾನನ್ನು ಕೇಳಲಿಲ್ಲ. ಕೇಳಿದರೆ ಮೂರು ತಿಂಗಳು ಮೀನು ಮನೆಗೆ ಬರುವುದಿಲ್ಲ ಎಂಬುದು ಓಣಿಗೆಲ್ಲ ಗೊತ್ತಿದ್ದ ಮಾತು.

ಮೂರನೆಯ ದಿನ ಬೆಳಿಗ್ಗೆ ಒಂಬತ್ತು ಸತ್ತಿದ್ದವು. ಹತ್ತನೆಯದು ಪಂಪಿನ ಹಿಂದೆ ಸಿಕ್ಕಿತು.

ಕಾಕಾ ಬಂದರು. ಸತ್ತ ಮನೆಗೆ ಬಂದವರ ಹಾಗೆ ಚಪ್ಪಲಿ ದೂರ ಬಿಟ್ಟು, ಮೆಲ್ಲಗೆ ಬಂದು, ತೊಟ್ಟಿಯ ಮುಂದೆ ಕೂತರು. ಕಡ್ಡಿ ಅದ್ದಲಿಲ್ಲ. ಅದೇ ಭಯ ಹುಟ್ಟಿಸಿತು.

"ತಮ್ಮಾ, ಚಂದ ನೋಡಿ ತಂದಿ. ತವರುಮನಿ ಯಾವುದಂತ ಕೇಳಿದೇನು?"

"ಅಂಗಡ್ಯಾಂವ ಚೆನ್ನೈದಿಂದ ಬರ್ತಾವ ಅಂದ್ರೀ."

"ಅದು ಬೆಳೆದ ಮನಿ. ಹುಟ್ಟಿದ ಮನಿ ಅಮೆಜಾನ್. ಅಲ್ಲಿ ಎಲಿ ಕೊಳತು ನೀರು ಚಹಾದ ಬಣ್ಣ ಆಗಿರ್ತದ, ಆದ್ರ ಒಳಗ ಸುಣ್ಣ ಇಲ್ಲ. ಮಳಿನೀರಿದ್ದಂಗ. ಅಂಥಾ ಕೂಸಿಗಿ ತಂದು ಸುಣ್ಣದ ಭಟ್ಟಿಗಿ ಹಾಕ್ದಿ."

ಆಮೇಲೆ ಶುರುವಾಯಿತು. ನಿಯಾನ್ ಟೆಟ್ರಾಕ್ಕೆ ಶಾಸ್ತ್ರೀಯ ಹೆಸರು ಬಂದದ್ದು 1936ರಲ್ಲಿ. ಅಲ್ಲಿಂದ ಹಿಡಿದು ಸಾಕಿದ ನಿಯಾನು ಇವತ್ತು ಒಂದಿಷ್ಟು ಗಡಸು ನೀರನ್ನು ತಾಳಿಕೊಳ್ಳುತ್ತದೆ ಎಂಬಲ್ಲಿಗೆ ಬಂದರು. ತಾಳಿಕೊಳ್ಳುತ್ತದೆ, ಆದರೆ ಹೆರಿಗೆಗೆ ಮಾತ್ರ ಮೆದು ನೀರೇ ಬೇಕು, ಗಡಸು ನೀರಲ್ಲಿ ಅದರ ತತ್ತಿ ಒಡೆದು ಮರಿಯಾಗುವುದಿಲ್ಲ. ಅಂಗಡಿಯ ಮೆದು ನೀರಿನಿಂದ ಒಮ್ಮೆಲೇ ನಮ್ಮ ಬೋರಿಗೆ ದಬ್ಬಿದ್ದು ತಪ್ಪು. ಚೀಲದ ನೀರಿಗೆ ನಮ್ಮ ನೀರನ್ನು ಹನಿಹನಿಯಾಗಿ ಸೇರಿಸುತ್ತ ತಾಸೆರಡು ತಾಸು ಕಾಯಬೇಕಿತ್ತು. ಕಾಯ್ದರೂ ಬದುಕುತ್ತಿದ್ದವೋ ಇಲ್ಲವೋ, ಅದು ಬೇರೆ ಮಾತು. "ಕುಂಡಲಿ ಕೂಡಲಿಲ್ಲಂದ್ರ ಮುಹೂರ್ತ ನೋಡಿ ಏನು ಮಾಡ್ತಿ?"

ಕಾಕಾನ ಸಿದ್ಧಾಂತ ಒಂದೇ ಸಾಲಿನದು: ಮೀನಿಗೆ ನೀರು ಹುಡುಕಬಾರದು, ನೀರಿಗೆ ಮೀನು ಹುಡುಕಬೇಕು. ಇಷ್ಟು ಹೇಳಿ ಎದ್ದು ಹೋಗಿದ್ದರೆ ನಾನು ಅವರನ್ನು ಋಷಿ ಅನ್ನುತ್ತಿದ್ದೆ. ಅವರು ಎದ್ದು ಹೋಗಿ ಬ್ಯೂರೆಟ್ ತಂದರು.

ನಮ್ಮ ಊಟದ ಮೇಜಿನ ಮೇಲೆ ಆ ದಿನ ನಡೆದದ್ದನ್ನು ಹತ್ತಿರದಿಂದ ಹೇಳಬೇಕು. ಒಂದು ಚಪ್ಪಟೆ ತಳದ ಗಾಜಿನ ಕುಪ್ಪಿಗೆ ಅಳೆದು 50 ಎಂಎಲ್ ಬೋರ್ ನೀರು ಹಾಕಿದರು. ಅದಕ್ಕೆ ಒಂದು ದ್ರಾವಣ ಹಾಕಿದ್ದೇ ತಡ, ಬಸ್‌ಸ್ಟ್ಯಾಂಡಿನ ಮೂತ್ರಿಮನೆಯ ವಾಸನೆ ಅಡುಗೆಮನೆಯತನಕ ಹೋಯಿತು. ಅದು ಅಮೋನಿಯ. ಹೆಂಡತಿ ಸೆರಗು ಮೂಗಿಗೆ ಒತ್ತಿಕೊಂಡು ಬಾಗಿಲಿಗೆ ಬಂದಳು. ಆಮೇಲೆ ಚಿಟಿಕೆ ಕರಿಪುಡಿ. ಕುಪ್ಪಿಯ ನೀರು ಜಂಬುನೇರಳೆ ತಿಂದ ನಾಲಿಗೆಯ ಬಣ್ಣಕ್ಕೆ ತಿರುಗಿತು. ಮೇಲೆ ನಿಲ್ಲಿಸಿದ ಬ್ಯೂರೆಟ್ಟಿನಿಂದ ಇಡಿಟಿಎ ಎಂಬ ದ್ರಾವಣ ಹನಿಹನಿ ಬೀಳುತ್ತಿದ್ದರೆ ಕಾಕಾ ಎಡಗೈಯಲ್ಲಿ ನಲ್ಲಿ ತಿರುವುತ್ತ, ಬಲಗೈಯಲ್ಲಿ ಕುಪ್ಪಿ ಆಡಿಸುತ್ತ, ಉಸಿರೇ ಬಿಡದೆ ಕೂತಿದ್ದರು. ಇಪ್ಪತ್ತು, ಇಪ್ಪತ್ತೈದು, ಇಪ್ಪತ್ತೇಳು. ಕೆಂಪಿನಲ್ಲಿ ಎಲ್ಲೋ ಒಂದು ಮೂಲೆ ನೀಲಿಯಾಗಿ ಮತ್ತೆ ಕೆಂಪಾಯಿತು. ಇನ್ನೊಂದು ಹನಿ. ಇನ್ನರ್ಧ. ಇಡೀ ಕುಪ್ಪಿ ಒಮ್ಮೆಲೇ ಸ್ವಚ್ಛ ನೀಲಿ. ಅರವತ್ತೆಂಟರ ಮನುಷ್ಯನ ಮುಖದಲ್ಲಿ ಆಗ ಮೂಡಿದ ಖುಷಿಯನ್ನು ನಾನು ನನ್ನ ಮಗಳ ಮುಖದಲ್ಲಿ ಜಾತ್ರೆಯಲ್ಲಷ್ಟೇ ನೋಡಿದ್ದೆ.

"ಇಪ್ಪತ್ತೆಂಟು ಎಂಎಲ್. ಇಪ್ಪತ್ತರಿಂದ ಗುಣಿಸು."

560. ಲೀಟರಿಗೆ ಇಷ್ಟು ಮಿಲಿಗ್ರಾಂ ಗಡಸುತನ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ 200 ಒಪ್ಪತಕ್ಕದ್ದು. ಬೇರೆ ನೀರೇ ಇಲ್ಲವೆಂದರೆ 600ರ ತನಕ ನಡೆಯುತ್ತದೆ. "ಅಂದ್ರ ಸರ್ಕಾರ ನಿನಗ ಕುಡಿ ಅಂತದ, ಆದ್ರ ಮನಸಿಲ್ಲದ ಮನಸಿಲೇ ಅಂತದ." ಮೀನು ಸಾಕುವವರು ಇದನ್ನು ಜರ್ಮನ್ ಡಿಗ್ರಿಯಲ್ಲಿ ಹೇಳುತ್ತಾರಂತೆ. ಒಂದು ಡಿಗ್ರಿ ಅಂದರೆ ಲೀಟರಿಗೆ 10 ಮಿಲಿಗ್ರಾಂ ಸುಣ್ಣ. ನಮ್ಮದು 31 ಡಿಗ್ರಿ. ಸುಣ್ಣದ ಲೆಕ್ಕದಲ್ಲಿ ನೀರನ್ನು ಅಳೆಯುವ ಒಂದು ದೇಶವಿದೆ ಎಂಬುದು ಸಿಮೆಂಟಿನ ಕಾಕಾಗೆ ಎಂಥ ಸಮಾಧಾನ ಕೊಟ್ಟಿತ್ತೆಂದರೆ, ಜರ್ಮನಿಯವರನ್ನು ಅವರು ಬೀಗರ ಹಾಗೆ ಹೊಗಳುತ್ತಿದ್ದರು.

"ಹಂಗಾರ ಆ ಕಡ್ಡಿ ಯಾಕ್ರೀ ಕಾಕಾ?" ಎಂದು ಕೇಳಿದೆ. ಕೇಳಬಾರದಿತ್ತು. ಕಡ್ಡಿ ನೋಡುವುದು ನೀರಿನೊಳಗೆ ಎಷ್ಟು ಕರೆಂಟು ಹರಿಯುತ್ತದೆ ಎಂದಷ್ಟೇ. ಉಪ್ಪಿದ್ದರೂ ಹರಿಯುತ್ತದೆ, ಸುಣ್ಣವಿದ್ದರೂ ಹರಿಯುತ್ತದೆ. "ಕಡ್ಡಿ ಹೇಳೋದು ಓಣಿ ಸುದ್ದಿ. ಬ್ಯೂರೆಟ್ ಹೇಳೋದು ಖರೆ." ಅಷ್ಟಾದರೂ ಊರಿಗೆಲ್ಲ ಓಣಿ ಸುದ್ದಿಯನ್ನೇ ಹಿಡಿದುಕೊಂಡು ತಿರುಗುತ್ತಿದ್ದರಲ್ಲ, ಅದಕ್ಕೆ ಉತ್ತರ ಇರಲಿಲ್ಲ.

ಎರಡನೇ ಸಲ ನಾನು ಕಾಕಾನಿಗಿಂತ ಜಾಣನಾದೆ. ಮೊದಲು ನನ್ನ ಹೆಂಡತಿಯ ತಮ್ಮ, ಸ್ನಾನಕ್ಕೆ ಬಳಸುವ ಸಾಫ್ಟನರ್ ನೀರನ್ನೇ ತೊಟ್ಟಿಗೂ ಹಾಕು ಎಂದ. ಅದು ಸುಣ್ಣ ಕಿತ್ತುಕೊಂಡು ಅದರ ಜಾಗಕ್ಕೆ ಸೋಡಿಯಂ ಬಿಡುವ ಯಂತ್ರ, ಒಂದು ಸಾಲ ತೀರಿಸಲು ಇನ್ನೊಂದು ಸಾಲ ಮಾಡಿದ ಹಾಗೆ, ಎಂದು ಕಾಕಾ ಅದನ್ನು ಅಲ್ಲಿಗೇ ಹೊಡೆದುಹಾಕಿದರು. ಸರಿ, ನಾನು ಕುಡಿಯುವ ಆರ್‌ಓ ನೀರನ್ನೇ ತೊಟ್ಟಿ ತುಂಬ ತುಂಬಿಸಿದೆ. ಕಡ್ಡಿ ಅದ್ದಿದರೆ 28! ಅಮೆಜಾನೇ ಮನೆಗೆ ಬಂತು. ಹತ್ತು ಹೊಸ ನಿಯಾನು ಬಂದವು, ಹನ್ನೆರಡು ದಿನ ಮಿಂಚಿದವು. ನಾನು ಕಾಕಾನನ್ನು ಚಹಾಕ್ಕೆ ಕರೆದು, ತೊಟ್ಟಿಯ ಪಕ್ಕವೇ ಕುರ್ಚಿ ಹಾಕಿಸಿದೆ. ಅವರು ನೋಡಿದರು, ಚಹಾ ಕುಡಿದರು, ಏನೂ ಅನ್ನದೆ ಹೋದರು.

ಹದಿಮೂರನೇ ದಿನದಿಂದ ಒಂದೊಂದೇ ಹೋದವು.

ಸುಣ್ಣ ಕೆಟ್ಟದ್ದು ಎಂದು ಪೂರಾ ತೆಗೆದದ್ದೇ ತಪ್ಪಾಗಿತ್ತು. ಮೀನಿನ ಹೊಲಸು ಕೊಳೆಯುವಾಗ ಆಮ್ಲ ಹುಟ್ಟುತ್ತದೆ. ಅದನ್ನು ನುಂಗಿಕೊಳ್ಳಲು ನೀರಿನಲ್ಲಿ ಒಂದಿಷ್ಟು ಕಾರ್ಬೊನೇಟ್ ಇರಬೇಕು. ಇಲ್ಲದಿದ್ದರೆ ನೀರು ದಿನದಿನಕ್ಕೆ ಹುಳಿಯಾಗುತ್ತ ಹೋಗಿ ಒಂದು ದಿನ ಕುಸಿದು ಬೀಳುತ್ತದೆ. "ಮನ್ಯಾಗ ಹಿರೇರು ಇರ್ಬೇಕು ತಮ್ಮಾ. ಎಲ್ಲಾದಕ್ಕೂ ಅಡ್ಡ ಬರ್ತಾರ ಖರೆ. ಆದ್ರ ಸಿಟ್ಟು ನುಂಗೋರು ಅವ್ರೇ." ಇದನ್ನು ಹೇಳುವಾಗ ಕಾಕಾ ಮೀನಿನ ಕಡೆ ನೋಡುತ್ತಿದ್ದರೋ ನನ್ನ ಕಡೆಯೋ ಎಂದು ಈಗಲೂ ಗೊತ್ತಿಲ್ಲ. ಹೆಂಡತಿ ಮಾತ್ರ ನನ್ನ ಕಡೆ ನೋಡುತ್ತಿದ್ದಳು.

ಮೊದಲ ಸಲ ತೊಟ್ಟಿಯೊಳಗೆ ಅಂದಕ್ಕೆಂದು ನಾನು ಜೋಡಿಸಿದ್ದ ಶಹಾಬಾದ್ ಫರಸಿಯ ಚೂರುಗಳನ್ನೂ ಅವರು ಬಿಡಲಿಲ್ಲ. ಒಂದನ್ನು ಕೈಗೆತ್ತಿಕೊಂಡು, ಹೆಂಡತಿಗೆ "ಒಂದು ನಿಂಬಿಕಾಯಿ ಕೊಡವ್ವಾ" ಅಂದರು. ಹಿಂಡಿದರು. ಕಲ್ಲಿನ ಮೇಲೆ ಸಣ್ಣ ಸಣ್ಣ ಗುಳ್ಳೆ ಎದ್ದವು. ನಾನು ಬೆರಗಾಗಿ ನೋಡುತ್ತಿದ್ದರೆ ಹೆಂಡತಿ, "ಇದಕ್ಕ ಲ್ಯಾಬ್ ಬೇಕೇನ್ರೀ? ಅಡಿಗಿಮನಿ ಕಟ್ಟಿ ಮ್ಯಾಲ ನಿಂಬಿಹಣ್ಣ ಹಿಂಡಿದ್ರ ಬಿಳಿ ಕಲೆ ಬೀಳ್ತದಂತ ನಮ್ಮವ್ವ ಆವಾಗೇ ಹೇಳ್ಯಾಳ" ಎಂದಳು. ಕಾಕಾ ಆ ದಿನದಿಂದ ಅವಳನ್ನು "ಕೆಮಿಸ್ಟ್ ಅಕ್ಕೋರು" ಎಂದು ಕರೆಯತೊಡಗಿದರು. ಅಮೋನಿಯದ ವಾಸನೆಯನ್ನು ಅವಳು ಕ್ಷಮಿಸಿದ್ದು ಆ ಹೆಸರಿಗಾಗಿಯೇ.

ಇಷ್ಟೆಲ್ಲ ಸಹಿಸಬಹುದಿತ್ತು. ಕಮಲಾಪುರದ್ದನ್ನು ಮಾತ್ರ ನಾನು ಮರೆಯಲಾರೆ.

ನಮ್ಮಕ್ಕನ ಮಗಳಿಗೆ ಕಮಲಾಪುರದ ಸಂಬಂಧ ಬಂದಿತ್ತು. ವರನ ಮನೆ ನೋಡಲು ಹಿರಿಯರು ಬೇಕು. ಕಾಕಾ ವಯಸ್ಸಿನಲ್ಲಿ ಹಿರಿಯರು, ಬಿಳಿ ಧೋತರದಲ್ಲಿ ನೋಡಲು ಲಕ್ಷಣ, ಮಾತಿಗೆ ತೂಕ. ಕ್ರೂಸರಿನಲ್ಲಿ ಒಂಬತ್ತು ಜನ ಕೂತು ಹುಮನಾಬಾದ್ ರಸ್ತೆ ಹಿಡಿದೆವು. ದಾರಿಯಲ್ಲಿ ಕಾಕಾನಿಂದ ನಾನೊಂದು ಭಾಷೆ ತೆಗೆದುಕೊಂಡೆ: ಕಡ್ಡಿ ಕಿಸೆಯಿಂದ ಹೊರಬರಬಾರದು. ಕಾಕಾ "ಆಯ್ತು" ಅಂದರು. ಅವರು ಸುಳ್ಳು ಹೇಳುವವರಲ್ಲ. ಕಡ್ಡಿಯನ್ನು ಆ ದಿನ ಚೀಲದಲ್ಲಿ ತಂದಿದ್ದರು.

ವರನ ಮನೆ ದೊಡ್ಡದು. ಜಮಖಾನ ಹಾಸಿದ್ದರು. ತಟ್ಟೆ ತುಂಬ ಕಮಲಾಪುರದ ಕೆಂಪು ಬಾಳೆಹಣ್ಣು, ಪಕ್ಕದಲ್ಲಿ ನೀರಿನ ಲೋಟಗಳು. ವರನ ತಂದೆ ಹೊಲದ ಲೆಕ್ಕ ಹೇಳುತ್ತಿದ್ದರು. ನಮ್ಮಕ್ಕ ತಲೆದೂಗುತ್ತಿದ್ದಳು. ಲೋಟದ ಕಡೆಯಿಂದ ಟಕ್ ಎಂದು ಟೊಪ್ಪಿಗೆ ಕಳಚಿದ ಸಪ್ಪಳ ಬಂತು. ನನಗೆ ತಿರುಗಿ ನೋಡುವ ಧೈರ್ಯವಾಗಲಿಲ್ಲ.

ವರನ ತಂದೆ ಮಾತು ನಿಲ್ಲಿಸಿದರು. "ಏನ್ರೀ ಅದು? ಶುಗರೇನ್ರಿ?"

"ಇಲ್ರಿ. ನಿಮ್ಮ ನೀರಿನ ಜಾತಕ. ಸಾವಿರದಾ ನೂರಾ ಹತ್ತು ಅದ. ಈ ನೀರಾಗ ಬ್ಯಾಳಿ ಬೇಯಂಗಿಲ್ಲ."

ಜಮಖಾನದ ಮೇಲೆ ಹದಿನೈದು ಜನ ಇದ್ದೆವು. ನೊಣ ಹಾರಿದ್ದು ಕೇಳುತ್ತಿತ್ತು. ತೊಗರಿಯ ನಾಡಿನಲ್ಲಿ ಕೂತು ಬೀಗರಾಗುವವರಿಗೆ ನಿಮ್ಮ ಮನೆಯಲ್ಲಿ ಬೇಳೆ ಬೇಯುವುದಿಲ್ಲ ಅನ್ನುವುದೆಂದರೆ! ನಮ್ಮಕ್ಕ ನನ್ನ ತೊಡೆಯನ್ನು ಚಿವುಟಿದ ಗುರುತು ಒಂದು ವಾರ ಇತ್ತು. ವರನ ತಂದೆಯ ಮುಖ ಕೆಂಪು ಬಾಳೆಹಣ್ಣಿನ ಬಣ್ಣಕ್ಕೆ ತಿರುಗುತ್ತಿತ್ತು.

ಆಗ ಒಳಬಾಗಿಲ ಪರದೆ ಸರಿಯಿತು. ವರನ ತಾಯಿ. ಅಲ್ಲಿಯತನಕ ಒಂದು ಮಾತೂ ಆಡದಿದ್ದ ಹೆಣ್ಣುಮಗಳು.

"ಮೂವತ್ತು ವರ್ಷ ಆತ್ರಿ. ನೀರೇ ಹಿಂತಾದ್ದು ಅಂತ ಬಡಕೊಂಡೆ. ಅತ್ತಿಯವರು, ನಿನಗೇ ಅಡಿಗಿ ಬರಂಗಿಲ್ಲ ಅಂತ ಹೇಳ್ಕೋತ ಹೋಗಿಬಿಟ್ರು. ಈಗ ಕೇಳ್ರಿ, ದೊಡ್ಡವ್ರು ಏನ್ ಹೇಳ್ಲಾಕತ್ಯಾರ!"

ಕೊನೆಯ ಮಾತು ಗಂಡನಿಗೆ. ಮುಂದಿನ ಅರ್ಧ ತಾಸು ಮದುವೆಯ ಮಾತೇ ಇಲ್ಲ. ಆ ತಾಯಿ ಹಿತ್ತಿಲ ಬೋರಿನದೊಂದು ಚೊಂಬು, ನಳದ್ದೊಂದು, ಪಕ್ಕದ ಮನೆಯ ಸೇದುವ ಬಾವಿಯದೊಂದು, ಹೀಗೆ ಸಾಲಾಗಿ ತಂದಿಟ್ಟರು. ಕಾಕಾ ಒಂದೊಂದಕ್ಕೇ ಅದ್ದಿದರು. ಸುಣ್ಣದಂಶ ಬೇಳೆಯ ಸಿಪ್ಪೆಯನ್ನೂ ಒಡಲನ್ನೂ ಬಿಗಿದು ಹಿಡಿಯುತ್ತದೆ, ಅದಕ್ಕೇ ಎಷ್ಟು ಸೀಟಿ ಹೊಡೆದರೂ ಕಾಳು ಕರಗುವುದಿಲ್ಲ, ಅದಕ್ಕೇ ನಮ್ಮ ಹೆಣ್ಣುಮಕ್ಕಳು ಚಿಟಿಕೆ ಸೋಡಾ ಹಾಕುವುದು ಎಂದು ವಿವರಿಸಿದರು. ಬಾವಿಯ ನೀರು ಅರ್ಧಕ್ಕರ್ಧ ಕಡಿಮೆ ಬಂತು. ಇನ್ನು ಮೇಲೆ ಬೇಳೆಗೆ ಬಾವಿ ನೀರು ಎಂದು ಗೊತ್ತಾಯಿತು. ಅದರ ಬೆನ್ನಿಗೇ ಮದುವೆಯೂ ಗೊತ್ತಾಯಿತು. ಸೊಸೆ ಬಂದ ಮೇಲೆ ಆ ಮನೆಯಲ್ಲಿ ಅಡುಗೆಯ ಬಗ್ಗೆ ಒಂದು ಮಾತೂ ಬಂದಿಲ್ಲವಂತೆ. ನಮ್ಮಕ್ಕ ಈಗ ಕಾಕಾನ ಹೆಸರು ಬಂದರೆ ಕೈ ಮುಗಿಯುತ್ತಾಳೆ. ನನ್ನ ತೊಡೆಯ ಬಗ್ಗೆ ಯಾರೂ ಕೇಳುವುದಿಲ್ಲ.

ಬರುವಾಗ ಕ್ರೂಸರಿನಲ್ಲಿ ಕಾಕಾ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಹಾಗೇ ಹೇಳಿದರು: ಅವರ ಊರಿನಲ್ಲಿ ಮೂರು ಬಾವಿ ಇದ್ದವು. ಒಂದು ದನಕ್ಕೆ, ಒಂದು ಬಟ್ಟೆಗೆ, ಊರಾಚೆಯದೊಂದು ಬೇಳೆಗೆ. ಅವರವ್ವ ಬೇಳೆಯ ನೀರಿಗೆಂದು ದಿನಾ ಒಂದು ಕೊಡ ಹೊತ್ತು ತರುತ್ತಿದ್ದಳು. ಸಾಬೂನು ನೊರೆ ಬಂದೀತೋ ಇಲ್ಲವೋ, ಹಂಡೆಯ ತಳಕ್ಕೆ ಎಷ್ಟು ದಪ್ಪ ಬಿಳಿ ಪೊರೆ ಕಟ್ಟೀತು, ಎಲ್ಲ ಅವಳಿಗೆ ಬಾಯಿಗೆ ಒಂದು ಗುಟುಕು ಹಾಕಿಕೊಂಡರೆ ತಿಳಿಯುತ್ತಿತ್ತು. "ನಾ ಮೂವತ್ತು ವರ್ಷ ಬ್ಯೂರೆಟ್ ಹಿಡಿದು ಕಲ್ತದ್ದು ಅಕಿ ನಾಲಿಗಿ ಮ್ಯಾಲಿತ್ತು." ಆ ಬಾವಿ ಈಗ ಮುಚ್ಚಿದೆಯಂತೆ. ಅದರ ನೀರು ಎಷ್ಟು ಪಿಪಿಎಂ ಇತ್ತು ಎಂದು ಅವರು ಅಳೆದಿರಲಿಲ್ಲ. ಅದೊಂದೇ ಅಳೆಯದ ನೀರು.

ಮೀನಿನ ವಿಷಯ ಕೊನೆಗೆ ಬಗೆಹರಿದದ್ದು ಪುಕ್ಕಟೆಯಾಗಿ. ಕಾಕಾ ಒಂದು ಸಂಜೆ ಹಾರ್ಲಿಕ್ಸ್ ಬಾಟಲಿಯಲ್ಲಿ ಏಳು ಗಪ್ಪಿ ತಂದರು. ಆರೋಗ್ಯ ಇಲಾಖೆಯವರು ಸೊಳ್ಳೆಯ ಮರಿ ತಿನ್ನಲೆಂದು ಬಾವಿ, ತೊಟ್ಟಿಗಳಿಗೆ ಬಿಡುವ ಮೀನು ಅದೇ. 1866ರಲ್ಲಿ ಲಂಡನ್ನಿನ ಪಂಡಿತರು ಆ ಮೀನಿಗೆ ಟ್ರಿನಿಡಾಡ್‌ನಿಂದ ಅದನ್ನು ಕಳಿಸಿಕೊಟ್ಟ ರಾಬರ್ಟ್ ಗಪ್ಪಿಯ ಹೆಸರಿಟ್ಟರು. ಈಗ ಆ ಹೆಸರು ನಮ್ಮ ಬೋರ್ ನೀರಿನಲ್ಲಿ ಈಜಾಡುತ್ತಿದೆ. ಗಪ್ಪಿಗೆ ಗಡಸು ನೀರೆಂದರೆ ಹಬ್ಬ. ಜೊತೆಗೆ ಕರಿ ಮೋಲಿ ಒಂದು ಜೋಡಿ. ಮೋಲಿಯನ್ನು ಮೆದು ನೀರಿಗೆ ಬಿಟ್ಟರೆ ನಿಂತಲ್ಲೇ ಚಳಿ ಬಂದವರ ಹಾಗೆ ಮೈ ನಡುಗಿಸುತ್ತದಂತೆ. ಆಫ್ರಿಕದ ಮೀನು ಹಾಕೋಣವೇ ಎಂದು ಕೇಳಿ ಮತ್ತೊಂದು ಪಾಠ ಹೇಳಿಸಿಕೊಂಡೆ: ಮಲಾವಿ ಸರೋವರದ ನೀರು ಜನ ತಿಳಿದಷ್ಟು ಗಡಸಲ್ಲ, ಅದು ಕ್ಷಾರದ ನೀರು, ಕ್ಷಾರ ಬೇರೆ ಗಡಸು ಬೇರೆ. ನಾನು ಗಪ್ಪಿಯಲ್ಲೇ ತೃಪ್ತನಾದೆ. ಎರಡು ತಿಂಗಳಿಗೆ ಏಳು ಇದ್ದದ್ದು ಎಣಿಸಲಾರದಷ್ಟಾದವು. ಶಹಾಬಾದ್ ಚೂರು ತೊಟ್ಟಿಗೆ ಮರಳಿ ಬಂತು. ಮಗಳು ದಿನಾ ಎಣಿಸುತ್ತಾಳೆ, ದಿನಾ ಬೇರೆ ಲೆಕ್ಕ ಬರುತ್ತದೆ. ಅಳತೆಯ ರೋಗ ಅವಳಿಗೂ ಅಂಟಿದ್ದನ್ನು ನಾನು ಕಂಡೂ ಕಾಣದವನಂತಿದ್ದೇನೆ.

ಹೋದ ವರ್ಷ ಕಾಕು ತೀರಿಕೊಂಡರು. ಮಗ ಮಂಗಳೂರಿನಲ್ಲಿದ್ದಾನೆ, ಬಂದು ಕರೆದೊಯ್ದ. ಐದು ತೊಟ್ಟಿಯಲ್ಲಿ ನಾಲ್ಕನ್ನು ಹಂಚಿದರು, ಒಂದು ನನಗೆ. ಜೊತೆಗೆ ಬ್ಯೂರೆಟ್, ಕರಿಪುಡಿ, ವಾಸನೆಯ ಬಾಟಲಿ, ಒಂದು ನೋಟ್‌ಬುಕ್. ಹದಿನಾಲ್ಕು ವರ್ಷದಿಂದ ತಿಂಗಳ ಮೊದಲ ತಾರೀಕಿಗೆ ನಮ್ಮ ಓಣಿಯ ಬೋರಿನ ನೀರು ಎಷ್ಟಿತ್ತು ಎಂದು ನೀಲಿ ಪೆನ್ನಿನಲ್ಲಿ ಬರೆದಿದ್ದಾರೆ. ಬೇಸಿಗೆಯಲ್ಲಿ ಏರುತ್ತದೆ, ಮಳೆ ಹಿಡಿದರೆ ಇಳಿಯುತ್ತದೆ. ಇಷ್ಟು ವರ್ಷ ಬರೆದದ್ದನ್ನು ನಿಲ್ಲಿಸಬಾರದು ಎಂದರು. ನಾನು ತಲೆಯಾಡಿಸಿದೆ.

ಈಗ ತಿಂಗಳಿಗೊಮ್ಮೆ ಫೋನು ಬರುತ್ತದೆ. ಮಂಗಳೂರಿನಲ್ಲಿ ಸಾಬೂನು ಮೈಬಿಟ್ಟು ಹೋಗುವುದೇ ಇಲ್ಲವಂತೆ, ಎಷ್ಟು ತೊಳೆದರೂ ಜಾರುತ್ತದಂತೆ. ಚಹಾಕ್ಕೆ ರುಚಿ ಇಲ್ಲ. ಬೇಳೆ ಮಾತ್ರ ಎರಡೇ ಸೀಟಿಗೆ ಬೆಣ್ಣೆ. "ನಿಯಾನ್ ಟೆಟ್ರಾ ಇಲ್ಲಿ ನಳದ ನೀರಾಗೇ ಬದುಕ್ತಾವ, ತಮ್ಮಾ" ಎಂದರು ಒಮ್ಮೆ, ಯಾರೋ ತೀರಿಕೊಂಡ ಸುದ್ದಿ ಹೇಳುವವರ ಹಾಗೆ. "ಎರಡು ಎಂಎಲ್‌ಗೆ ನೀಲಿ ಆಗಿಬಿಡ್ತದ. ಹೊಸಾ ಬ್ಯೂರೆಟ್ ತುಂಬಿದ್ದು ದಂಡ. ಅಳೀಲಾಕ ಏನೂ ಇಲ್ಲ ಇಲ್ಲಿ."

ಈ ಒಂದನೇ ತಾರೀಕು ನಾನು ಊಟದ ಮೇಜಿನ ಮೇಲೆ ಎಲ್ಲ ಜೋಡಿಸಿಕೊಂಡು ಕೂತಿದ್ದಾಗಲೇ ಫೋನು ಬಂತು. ಕೆಮಿಸ್ಟ್ ಅಕ್ಕೋರು ಮೂಗಿಗೆ ಸೆರಗು ಒತ್ತಿಕೊಂಡು ಫೋನನ್ನು ನನ್ನ ಕಿವಿಗೆ ಹಿಡಿದಳು.

"ಎಷ್ಟು ಬಂತು?"

"ಮೂವತ್ತೆರಡು ಎಂಎಲ್ ಕಾಕಾ. 640."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ನೋಟ್‌ಬುಕ್ಕಿನಲ್ಲಿ 600 ದಾಟಿದ್ದು ಅದೇ ಮೊದಲು.

"ನೀಲಿ ಹೆಂಗ ಬಂತು? ಸಾವಕಾಶ ಬಂತೋ, ಒಮ್ಮಿಗೇ ಬಂತೋ?"

"ಒಮ್ಮಿಗೇ ಬಂತ್ರೀ."

"ಹಂಗಾರ ಮತ್ತೊಮ್ಮಿ ಮಾಡು. ಕೊನೀ ಹನಿ ನೀ ಹಾಕಿದ್ದಲ್ಲ, ಅದು ಬಿದ್ದದ್ದು."